ಜಪಾನಿನ ಹಳೆಯ ಮಡಚುವ ಚಾಕು: ಮುದ್ರೆಯಲ್ಲಿರುವ ಹೆಸರು ಯಾರದ್ದು?

ಹರಿತ_77
ಹರಾಜಿಗೆ ಬಂದಿರುವ ಒಂದು ಲಾಟ್‌ನಲ್ಲಿ ಮೂರು ಮಡಚುವ ಚಾಕುಗಳಿವೆ. ಮೂರಕ್ಕೂ ಸೇರಿ ಒಂದೇ ಬೆಲೆ, ಬಿಡಿಯಾಗಿ ಕೊಡುವುದಿಲ್ಲ.

ಒಂದನೆಯದಕ್ಕೆ ಮೂರು ಅಲಗು, ಮುಚ್ಚಿದಾಗ 4 ಅಂಗುಲ, ಮೂಳೆಯಂತೆ ಕಾಣುವ ಕಂದು ಹಿಡಿ. ಅಲಗಿನ ಬುಡದಲ್ಲಿ ಹದ್ದಿನ ಚಿತ್ರ, ಪಾರ್ಕರ್, ಜಪಾನ್ ಎಂದಿದೆ. ಎರಡನೆಯದು ಬೆನ್ನಿನ ಲಾಕ್ ಇರುವ ಒಂಟಿ ಅಲಗಿನದು. ಒಂದು ಕಡೆ ಅಮೆರಿಕದ ಕಂಪನಿಯ ಹೆಸರು, ಇನ್ನೊಂದು ಕಡೆ ಸೆಕಿ ಜಪಾನ್, ಅದರ ಕೆಳಗೆ ಎಯುಎಸ್-8. ಮೂರನೆಯದಕ್ಕೆ ಹಿತ್ತಾಳೆ ತಗಡು ಮಡಿಸಿ ಮಾಡಿದ ಹಿಡಿ. ಸ್ಪ್ರಿಂಗೂ ಇಲ್ಲ, ಲಾಕೂ ಇಲ್ಲ, ಅಲಗಿನ ಬುಡದಲ್ಲಿ ಬಾಲದ ಹಾಗೆ ಒಂದು ಚಾಚು, ಹಿಡಿಯ ಮೇಲೆ ಜಪಾನಿ ಅಕ್ಷರಗಳು.

ಮಾರುವವರು ಮೂರನ್ನೂ 1950ರ ದಶಕದ್ದು ಎನ್ನುತ್ತಾರೆ. ಮೊದಲನೆಯದು ಪಾರ್ಕರ್ ಪೆನ್ ಕಂಪನಿಯವರದ್ದಂತೆ. ಫೋಟೊದಲ್ಲಿ ಏನು ನೋಡಬೇಕು, ಅವರಲ್ಲಿ ಏನು ಕೇಳಬೇಕು?

ಸಾಣೆಗಾರ
ಪೆನ್ನಿನ ಪಾರ್ಕರ್‌ಗೂ ಇದಕ್ಕೂ ಸಂಬಂಧವಿಲ್ಲ. ಹದ್ದಿನ ಗುರುತಿನ ಪಾರ್ಕರ್ ಅಮೆರಿಕದ ಟೆನೆಸಿ ರಾಜ್ಯದ ಚಟನೂಗಾದಲ್ಲಿದ್ದ ಚಾಕು ವ್ಯಾಪಾರದ ಸಂಸ್ಥೆ. 1970 ಮತ್ತು 80ರ ದಶಕಗಳಲ್ಲಿ ಜಪಾನಿನ ಸೆಕಿ ಊರಿನಲ್ಲಿ ಮಾಡಿಸಿ ತರಿಸಿ ಮಾರಿದ ಹೆಸರು ಅದು. ಅಲ್ಲಿಗೆ 1950ರ ಮಾತು ಬಿದ್ದುಹೋಯಿತು.

ಜಪಾನಿ ಚಾಕು ಕೂಡಿಡುವವರು ಮೊದಲ ದಿನವೇ ತಿಳಿಯಬೇಕಾದ ವಿಷಯ ಇದೇ: ಬುಡದ ಮುದ್ರೆಯಲ್ಲಿರುವುದು ಬಹುಪಾಲು ಮಾರಿದವರ ಹೆಸರು, ಮಾಡಿದವರದ್ದಲ್ಲ. ಗಿಫು ಪ್ರಾಂತ್ಯದ ಸೆಕಿ ಕಾಮಕುರ ಕಾಲದಿಂದ (12ರಿಂದ 14ನೇ ಶತಮಾನ) ಕತ್ತಿ ಕಮ್ಮಾರರ ಊರು. 1876ರಲ್ಲಿ ಮೇಜಿ ಸರ್ಕಾರ ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಓಡಾಡುವುದನ್ನು ನಿಷೇಧಿಸಿತು. ಆಮೇಲೆ ಅಲ್ಲಿನ ಕುಲುಮೆಗಳು ಅಡುಗೆಮನೆಯ ಚಾಕು, ಕತ್ತರಿ, ಜೇಬಿನ ಚಾಕುಗಳತ್ತ ತಿರುಗಿದವು. ಇವತ್ತಿನ ಕಾಯ್ ಕಂಪನಿ ಕೂಡ 1908ರಲ್ಲಿ ಅಲ್ಲಿ ಜೇಬಿನ ಚಾಕುವಿನಿಂದಲೇ ಶುರುವಾದದ್ದು. ಅಲ್ಲಿ ಕೆಲಸ ಹಂಚಿಹೋಗಿರುತ್ತದೆ. ಅಚ್ಚಿನಲ್ಲಿ ಅಲಗು ಕತ್ತರಿಸುವವರು, ಹದ ಹಾಕುವವರು, ಸಾಣೆ ಹಿಡಿಯುವವರು, ಹಿಡಿ ಜೋಡಿಸುವವರು ಬೇರೆ ಬೇರೆ ಮನೆಯವರಿರಬಹುದು. ಕೊನೆಗೆ ಬೀಳುವ ಮುದ್ರೆ ಗಿರಾಕಿಯದ್ದು. ಆದ್ದರಿಂದ ಒಂದೇ ಹೆಸರಿನ ಎರಡು ಚಾಕುಗಳಲ್ಲಿ ಒಂದು ಅಚ್ಚುಕಟ್ಟಾಗಿದ್ದು ಇನ್ನೊಂದು ಲೊಡಲೊಡ ಎನ್ನಬಹುದು.

ಮುದ್ರೆಪ್ರಿಯ
ಮುದ್ರೆಯಿಂದ ತಯಾರಕ ಸಿಗದಿದ್ದರೂ ಕಾಲ ಸಿಗುತ್ತದೆ, ಅದನ್ನು ಬಿಟ್ಟುಕೊಡಬೇಡಿ.

ಅಮೆರಿಕಕ್ಕೆ ಹೋದ ಸರಕಿನಲ್ಲಿ ನಿಪ್ಪಾನ್ (ಜಪಾನಿಗೆ ಜಪಾನಿಯರದ್ದೇ ಹೆಸರು) ಎಂದಿದ್ದರೆ 1921ಕ್ಕಿಂತ ಹಿಂದಿನದು. ಆ ವರ್ಷದಿಂದ ಅಮೆರಿಕದ ಸುಂಕದವರು ನಿಪ್ಪಾನ್ ಒಪ್ಪದೆ ಜಪಾನ್ ಎಂದೇ ಇರಬೇಕೆಂದರು. ಆಕ್ಯುಪೈಡ್ ಜಪಾನ್ ಎಂಬ ಮುದ್ರೆ ಎರಡನೇ ಮಹಾಯುದ್ಧದ ನಂತರದ್ದು, ಹೆಚ್ಚೆಂದರೆ 1947ರಿಂದ 1952ರ ಏಪ್ರಿಲ್‌ವರೆಗೆ. ಬರೀ ಜಪಾನ್ ಎಂದಿದ್ದರೆ ಯಾವ ದಶಕವೂ ಇರಬಹುದು, ಆಗ ಬೇರೆ ಲಕ್ಷಣ ನೋಡಬೇಕು. ಸೆಕಿ ಎಂದು ಊರಿನ ಹೆಸರನ್ನೇ ಹಾಕಿಕೊಳ್ಳುವುದು ಹೆಚ್ಚಿದ್ದು 1970ರ ದಶಕದ ಕೊನೆಯಿಂದೀಚೆಗೆ, ಆ ಹೆಸರಿಗೇ ಬೆಲೆ ಬಂದ ಮೇಲೆ.

ದೇಶದ ಹೆಸರು ಅಲಗಿನ ಬುಡದಲ್ಲೇ ಕೆತ್ತಿರುವುದಕ್ಕೂ ಕಾರಣವಿದೆ. ಅಮೆರಿಕದ ಸುಂಕ ನಿಯಮದಲ್ಲಿ ಚಾಕು, ಕತ್ತರಿ, ಇಕ್ಕಳಗಳಿಗೆ ಚೀಟಿ ಅಂಟಿಸಿದರೆ ಸಾಲದು. ಅಚ್ಚೊತ್ತಬೇಕು, ಕೆತ್ತಬೇಕು ಅಥವಾ ಆಮ್ಲದಿಂದ ಬರೆಯಬೇಕು. ಹಾಗಾಗಿ ರಫ್ತಿನ ಜಪಾನಿ ಚಾಕುವಿನ ಬುಡದಲ್ಲಿ ಏನೂ ಇಲ್ಲದಿದ್ದರೆ ಮುದ್ರೆಯನ್ನು ಯಾರೋ ಸಾಣೆ ಹಿಡಿದು ಅಳಿಸಿದ್ದಾರೆಯೇ ಎಂದು ಅನುಮಾನಿಸಿ. ಬುಡದ ಆ ಭಾಗ ಉಳಿದದ್ದಕ್ಕಿಂತ ತೆಳುವಾಗಿದ್ದರೆ ಉತ್ತರ ಸಿಕ್ಕಿತು.

ನಿಮ್ಮ ಎರಡನೆಯ ಚಾಕುವಿನ ಎಯುಎಸ್-8 ಐಚಿ ಸ್ಟೀಲ್‌ನವರ ತುಕ್ಕು ಹಿಡಿಯದ ಉಕ್ಕು, ಇಂಗಾಲ ಶೇ 0.7ರ ಆಸುಪಾಸು. ಉಕ್ಕಿನ ದರ್ಜೆಯನ್ನು ಅಲಗಿನ ಮೇಲೆ ಬರೆಯುವುದು ಈಚಿನ ದಶಕಗಳ ಚಾಳಿ. ವಿಜಿ-10 ಎಂಬ ಇನ್ನೊಂದು ಜಪಾನಿ ಉಕ್ಕಿನ ಹೆಸರು ಕಂಡರೆ ಹೆಚ್ಚಾಗಿ 1990ರ ದಶಕ ಅಥವಾ ಅದರ ನಂತರದ್ದು. ಅಂಥದ್ದನ್ನು 1950ರದ್ದು ಎಂದು ಮಾರಲು ಧೈರ್ಯ ಬೇಕು!

ಕಬ್ಬಿಣದಕಡಲೆ
ರಾಸ್ಟ್‌ಫ್ರೈ ಎಂಬ ಮುದ್ರೆ ನೋಡಿ ಜರ್ಮನಿಯದ್ದೆಂದು ಕೊಳ್ಳುವವರೂ ಇದ್ದಾರೆ. ಅದು ತುಕ್ಕು ಹಿಡಿಯದ್ದು ಎಂಬ ಜರ್ಮನ್ ಪದ ಅಷ್ಟೆ. ಜರ್ಮನಿಯ ಹೆಸರಾಂತ ಚಾಕು ಊರು ಜೋಲಿಂಗೆನ್‌ನ ಸರಕಿನ ಗತ್ತು ಬರಲೆಂದು ಜಪಾನಿನ ಅಗ್ಗದ ಚಾಕುಗಳ ಮೇಲೂ ಒತ್ತುತ್ತಿದ್ದರು. ಅಲಗಿನ ಇನ್ನೊಂದು ಮಗ್ಗುಲು ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಜಪಾನ್ ಇರುತ್ತದೆ.

ಇದಕ್ಕೆ ತಿರುಗುಮುರುಗಾದ ಮೋಸ ಈಗಿನದು. ಜಪಾನಿ ಉಕ್ಕು ಎಂದು ಬರೆದಿದ್ದರೆ ಚಾಕು ಜಪಾನಿನದ್ದಾಗಬೇಕಿಲ್ಲ, ಉಕ್ಕು ಮಾತ್ರ ಅಲ್ಲಿಯದು. ಬೆಳ್ಳಗಿರುವುದೆಲ್ಲ ಹಾಲಲ್ಲ.

ಸಾಣೆಗಾರ
ಹೌದು. ಜಪಾನಿನಿಂದ ಬೇರೆ ದೇಶಗಳಿಗೆ ಕೆಲಸ ಜಾರಿದ ಕಾಲವೂ ಗೊತ್ತಿರಲಿ. 1971ರವರೆಗೆ ಡಾಲರ್‌ಗೆ 360 ಯೆನ್ ಎಂದು ಕಟ್ಟಿಹಾಕಿದ್ದರು. ಅಮೆರಿಕದ ವ್ಯಾಪಾರಿಗಳಿಗೆ ಸೆಕಿಯ ಕೂಲಿ ಅಗ್ಗವಾಗಿ ಬೀಳುತ್ತಿತ್ತು. ಡಾಲರ್ ಬೆಲೆ ಇಳಿಸಲು ಐದು ದೇಶಗಳು ಮಾಡಿಕೊಂಡ 1985ರ ಸೆಪ್ಟೆಂಬರ್‌ನ ಪ್ಲಾಜಾ ಒಪ್ಪಂದದ ಹೊತ್ತಿಗೆ ಸುಮಾರು 240 ಯೆನ್ ಇದ್ದ ಡಾಲರ್ ಎರಡು ವರ್ಷದಲ್ಲಿ 150ರ ಕೆಳಗೆ ಬಂತು. ಅಗ್ಗದ ಚಾಕುಗಳ ಆರ್ಡರು ತೈವಾನಿಗೆ, ಆಮೇಲೆ ಚೀನಾಕ್ಕೆ ಹೋಯಿತು. ಸೆಕಿಯಲ್ಲಿ ಉಳಿದದ್ದು ದುಬಾರಿ ಕೆಲಸ.

ಹಾಗಾಗಿ ಕೂಡಿಡುವವರ ಕಣ್ಣು 1970ರ ದಶಕದ ನಡುವಿನಿಂದ 80ರ ದಶಕದ ಕೊನೆಯವರೆಗಿನ ಸರಕಿನ ಮೇಲೆ. 1974ರಲ್ಲಿ ಶುರುವಾದ ಕರ್ಶಾ, ಗರ್ಬರ್‌ನವರು ಸೆಕಿಯಲ್ಲಿ ಮಾಡಿಸಿದ ಸಿಲ್ವರ್ ನೈಟ್, 1979ರಲ್ಲಿ ಶುರುವಾದ ಆಲ್ ಮಾರ್, 1981ರಿಂದ ಬಂದ ಸ್ಪೈಡರ್ಕೊ. ಇವುಗಳಲ್ಲಿ ಕೆಲವು ಹೆಸರುಗಳ ಹಿಂದಿನ ಕೈ ಗೊತ್ತು: ಆಲ್ ಮಾರ್ ಮತ್ತು ಸ್ಪೈಡರ್ಕೊದ ಎಷ್ಟೋ ಮಾದರಿಗಳು ಜಿ. ಸಾಕೈ ಕಾರ್ಖಾನೆಯವು. ಗೊತ್ತಿರುವ ಕೈಗೆ ಬೆಲೆ ಹೆಚ್ಚು, ಅದು ಸಹಜ. ಆದರೆ ಹೆಸರಿಲ್ಲದ ಒಳ್ಳೆಯ ಕೆಲಸ ಅಗ್ಗಕ್ಕೆ ಸಿಗುವುದೂ ಇದೇ ಕಾಲದ ಸರಕಿನಲ್ಲಿ.

ಹರಿತ_77
ಒಳ್ಳೆಯ ಕೆಲಸ ಎನ್ನುವುದನ್ನು ಫೋಟೊದಲ್ಲಿ ಗುರುತಿಸುವುದು ಹೇಗೆ ಸರ್?

ಸಾಣೆಗಾರ
ಮೂರು ಅಲಗಿನದಕ್ಕೆ ಮೊದಲು ಬೆನ್ನಿನ ಫೋಟೊ ಕೇಳಿ. ಅಲಗು ಪೂರ್ತಿ ತೆರೆದಾಗ ಒಂದು, ಮುಚ್ಚಿದಾಗ ಒಂದು. ಎರಡರಲ್ಲೂ ಸ್ಪ್ರಿಂಗಿನ ಬೆನ್ನು ಪಕ್ಕದ ಹಿತ್ತಾಳೆ ಲೈನರ್‌ಗೆ, ಅಂದರೆ ಹಿಡಿಯ ಒಳಗಿನ ತಗಡಿಗೆ, ಸಮನಾಗಿರಬೇಕು, ಉಬ್ಬಬಾರದು, ತಗ್ಗಬಾರದು. ತೆರೆದಾಗ ಸಮವಿದ್ದು ಮುಚ್ಚಿದಾಗ ತಗ್ಗಿದರೆ ಅಲಗಿನ ಬುಡ ಸವೆದಿದೆ, ಇಲ್ಲವೇ ಮೊದಲಿಂದಲೇ ಅಳತೆ ಹಿಡಿದು ಉಜ್ಜಿಲ್ಲ. ಆಮೇಲೆ ಬೆಳಕಿಗೆ ಹಿಡಿದ ಫೋಟೊ: ಸ್ಪ್ರಿಂಗಿಗೂ ಲೈನರ್‌ಗೂ ನಡುವೆ ಬೆಳಕು ತೂರಿದರೆ ಜೋಡಣೆ ಸಡಿಲ. ಸೆಕಿಯ ಒಳ್ಳೆಯ ಕೆಲಸದಲ್ಲಿ ಕೂದಲೆಳೆಯಷ್ಟೂ ಬೆಳಕು ಬರುವುದಿಲ್ಲ.

ಬೋಲ್ಸ್ಟರ್ ಎನ್ನುವ ತುದಿಯ ಲೋಹದ ಕಟ್ಟು ಸಾಮಾನ್ಯವಾಗಿ ನಿಕಲ್ ಸಿಲ್ವರ್. ಅದರಲ್ಲಿರುವ ಕೀಲಿನ ಪಿನ್ ಕಣ್ಣಿಗೆ ಕಾಣಿಸಬಾರದು, ಎರಡೂ ಒಂದೇ ಲೋಹವಾಗಿ ಉಜ್ಜಿ ಬೆರೆತಿರುತ್ತವೆ. ಪಿನ್ನಿನ ಸುತ್ತ ಉಂಗುರ ಕಂಡರೆ ಚಾಕು ಅಲುಗಾಡುತ್ತಿತ್ತು, ಯಾರೋ ಸುತ್ತಿಗೆಯಿಂದ ಬಡಿದು ಬಿಗಿ ಮಾಡಿದ್ದಾರೆ ಎಂದರ್ಥ.

ಅಲಗಿನ ಅಗಲ ನೋಡುವುದು ಇನ್ನೂ ಮುಖ್ಯ. ಬುಡದ ಹತ್ತಿರ ಸಾಣೆ ಮುಟ್ಟದ ಒಂದು ಚೂರು ಉಳಿದಿರುತ್ತದೆ. ಅದಕ್ಕಿಂತ ಬಾಯಿ (ಹರಿತದ ಅಂಚು) ಎಷ್ಟು ಹಿಂದೆ ಸರಿದಿದೆಯೋ ಅಷ್ಟು ಉಕ್ಕು ಮಸೆತದಲ್ಲಿ ಹೋಗಿದೆ. ಉಗುರು ಸಿಕ್ಕಿಸುವ ಗೀರು ಅಲಗಿನ ಬೆನ್ನಿಗೆ ತೀರಾ ಹತ್ತಿರವಿದ್ದರೆ ಬೆನ್ನನ್ನೂ ತಿದ್ದಿದ್ದಾರೆ; ಮುರಿದ ತುದಿ ಮುಚ್ಚಿಹಾಕುವ ಕೆಲಸ ಅದು.

ಲೋಹಮಾಪಕಿ
ಹೊಳಪಿನ ಬಗ್ಗೆ ಒಂದು ಮಾತು. ಹಳೆಯ ಅಲಗಿಗೆ ಕನ್ನಡಿಯ ಹೊಳಪಿದ್ದು ಮುದ್ರೆಯ ಅಕ್ಷರಗಳ ಅಂಚು ಮಾತ್ರ ಕರಗಿದ ಬೆಣ್ಣೆಯಂತಿದ್ದರೆ ಅದು ಬಫಿಂಗ್ ಯಂತ್ರದ ಕೆಲಸ. ತುಕ್ಕಿನ ಗುಳಿ ಅಳಿಸಲು ಹಾಗೆ ಮಾಡುತ್ತಾರೆ. ಕಾರ್ಖಾನೆಯ ಮೂಲ ಹೊಳಪಿನಲ್ಲಿ ಸಾಣೆಯ ಗೆರೆಗಳು ಒಂದೇ ದಿಕ್ಕಿನಲ್ಲಿ ಬೆನ್ನಿನಿಂದ ಬಾಯಿಯ ಕಡೆಗೆ ಇರುತ್ತವೆ, 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಎಂಬ ಸಣ್ಣ ಭೂತಗನ್ನಡಿಯಲ್ಲಿ ಕಾಣುತ್ತವೆ.

ಹಿಡಿ ಮೂಳೆಯೋ ಪ್ಲಾಸ್ಟಿಕ್ಕೋ ತಿಳಿಯಲೂ ಅದೇ ಲೂಪ್ ಸಾಕು. ಮೂಳೆಯಲ್ಲಿ ರಕ್ತನಾಳ ಹೋಗಿದ್ದ ಸಣ್ಣ ಸಣ್ಣ ಕಪ್ಪು ಚುಕ್ಕೆ, ಗೀಟುಗಳಿರುತ್ತವೆ. ಪ್ಲಾಸ್ಟಿಕ್ ಎಲ್ಲ ಕಡೆ ಒಂದೇ ಸಮ. ಕಾದ ಸೂಜಿ ಚುಚ್ಚಿ ನೋಡಿ ಎಂಬ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಹಿಡಿ ಹಾಳಾಗುತ್ತದೆ. ಅದು ಸೆಲ್ಯುಲಾಯ್ಡ್ ಎಂಬ ಹಳೆಯ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಕಬ್ಬಿಣದಕಡಲೆ
ಎರಡನೆಯ ಚಾಕುವಿನ ಲಾಕ್ ಕುರಿತು ಯಾರೂ ಹೇಳಲಿಲ್ಲ. ಬೆನ್ನಿನ ಲಾಕ್ ಸರಿಯಾಗಿ ಕೂರುತ್ತಿಲ್ಲ ಎಂದು ಕಡಿಮೆ ಬೆಲೆಗೆ ಬಿಡುವ ಚಾಕುಗಳಲ್ಲಿ ಎಷ್ಟೋ ಸಲ ದೋಷ ಲೋಹದ್ದಲ್ಲ. ಅಲಗಿನ ಬುಡದ ಕಚ್ಚಿನಲ್ಲಿ ಜೇಬಿನ ನೂಲುಕಸ, ಗಟ್ಟಿಯಾದ ಎಣ್ಣೆ ತುಂಬಿರುತ್ತದೆ. ಲಾಕಿನ ಹಲ್ಲು ಪೂರ್ತಿ ಇಳಿಯುವುದಿಲ್ಲ. ಬಿದಿರಿನ ಹಲ್ಲುಕಡ್ಡಿಯಿಂದ ಕೆದಕಿ, ಒಂದು ಹನಿ ತೆಳು ಎಣ್ಣೆ ಬಿಟ್ಟು, ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ, ಹೊರಬಂದ ಕಪ್ಪು ಎಣ್ಣೆ ಒರೆಸಿ. ಅದಾದ ಮೇಲೂ ಅಲಗು ಮೇಲೆ ಕೆಳಗೆ ಆಡಿದರೆ ಕಚ್ಚು ಸವೆದಿದೆ. ಅದನ್ನು ಮನೆಯಲ್ಲಿ ಸರಿಮಾಡಲಾಗದು.

ಲಾಕ್ ಪರೀಕ್ಷಿಸಲು ಅಲಗಿನ ಬೆನ್ನನ್ನು ಮೇಜಿಗೆ ಬಡಿಯುವವರಿದ್ದಾರೆ, ಬೇಡ. ತೆರೆದ ಅಲಗಿನ ಬೆನ್ನನ್ನು ಮರದ ಹಲಗೆಗೆ ಒತ್ತಿ ಹಿಡಿದರೆ ಸಾಕು, ಹಿಡಿಯನ್ನು ಹಿಡಿದ ಬೆರಳು ಬಾಯಿಯ ದಾರಿಯಲ್ಲಿ ಇರದ ಹಾಗೆ.

ಮಿಕಿಯಮೋಹ
ಮೂರನೆಯದರ ಬಗ್ಗೆ ನಾನು ಬರೆಯುತ್ತೇನೆ. ಅದು ಹಿಗೊನೊಕಾಮಿ, ಸೆಕಿಯದ್ದಲ್ಲ. ಹ್ಯೋಗೊ ಪ್ರಾಂತ್ಯದ ಮಿಕಿ ಊರಿನದು, ಶುರುವಾದದ್ದು 1890ರ ದಶಕದಲ್ಲಿ. ಹಿಗೊ ಎಂದರೆ ಈಗಿನ ಕುಮಾಮೊಟೊ ಸೀಮೆಯ ಹಳೆಯ ಹೆಸರು, ಹಿಗೊನೊಕಾಮಿ ಎಂದರೆ ಹಿಗೊದ ಒಡೆಯ. ಶಾಲೆ ಮಕ್ಕಳ ಪೆನ್ಸಿಲ್ ಚೂಪು ಮಾಡುವ ಚಾಕುವಿಗೆ ಇಷ್ಟು ದೊಡ್ಡ ಹೆಸರು.

ರಚನೆ ಸರಳ. ಮಡಿಸಿದ ತಗಡು, ಅಲಗು, ಒಂದು ರಿವೆಟ್, ಒಂದು ವಾಷರ್. ನೀವು ಬಾಲ ಎಂದದ್ದು ಚಿಕಿರಿ. ಹೆಬ್ಬೆರಳಿನಿಂದ ಅದನ್ನು ಒತ್ತಿದರೆ ಅಲಗು ತೆರೆಯುತ್ತದೆ. ಕೆಲಸ ಮಾಡುವಾಗ ಅದರ ಮೇಲೆ ಬೆರಳಿಟ್ಟರೆ ಅಲಗು ಮಡಚಿಕೊಳ್ಳುವುದಿಲ್ಲ. ತಿಕ್ಕಾಟ ಮತ್ತು ಬೆರಳು, ಇವೆರಡೇ ಇದರ ಲಾಕ್.

ಇದರ ಮಾರುಕಟ್ಟೆ ಕುಸಿದ ಕಥೆ ಕಾಲ ನಿರ್ಣಯಕ್ಕೆ ಬೇಕು. 1960ರ ಅಕ್ಟೋಬರ್ 12ರಂದು ಸಮಾಜವಾದಿ ನಾಯಕ ಅಸನುಮ ಇನೆಜಿರೊ ಅವರನ್ನು ವೇದಿಕೆಯ ಮೇಲೆಯೇ 17 ವರ್ಷದ ಹುಡುಗನೊಬ್ಬ ಇರಿದು ಕೊಂದ. ಬಳಸಿದ್ದು ಗಿಡ್ಡ ಕತ್ತಿ, ಮಡಚುವ ಚಾಕುವಲ್ಲ. ಆದರೂ ಮಕ್ಕಳ ಕೈಗೆ ಚಾಕು ಕೊಡಬೇಡಿ ಎಂಬ ಅಭಿಯಾನ ದೇಶವಿಡೀ ನಡೆಯಿತು. ಪೆನ್ಸಿಲ್ ಶಾರ್ಪನರ್ ಉಳಿದ ಕೆಲಸ ಮುಗಿಸಿತು. ಮಿಕಿಯಲ್ಲಿ ಹತ್ತಾರು ಮಂದಿ ಮಾಡುತ್ತಿದ್ದ ಚಾಕುವಿನ ಹೆಸರಿನ ಹಕ್ಕು ಈಗ ನಾಗಾವೊ ಕಾನೆಕೊಮಾ ಎಂಬ ಒಂದೇ ಕಾರ್ಯಾಗಾರದ ಬಳಿ ಇದೆ.

ಆದ್ದರಿಂದ ಮಾರುವವರಲ್ಲಿ ಹಿಡಿಯ ಮೇಲಿನ ಅಕ್ಷರಗಳ ಸ್ಪಷ್ಟ ಫೋಟೊ ಕೇಳಿ. ಬೇರೆ ಕಾರ್ಯಾಗಾರದ ಹೆಸರಿದ್ದರೆ ಹಳೆಯದಿರುವ ಸಾಧ್ಯತೆ ಹೆಚ್ಚು. ನಾಗಾವೊ ಎಂದಿದ್ದರೆ ಕಳೆದ ವರ್ಷ ಮಾಡಿದ್ದೂ ಆಗಿರಬಹುದು, ಆಕಾರ ಬದಲಾಗಿಲ್ಲ. ಹೋನ್ ವಾರಿಕೋಮಿ ಎಂಬ ಬರಹ ಇದ್ದರೆ ಮೆತ್ತನೆಯ ಕಬ್ಬಿಣದ ನಡುವೆ ಗಟ್ಟಿ ಉಕ್ಕಿನ ಪದರ ಕೂರಿಸಿದ ಅಲಗು ಎಂದರ್ಥ. ಬಾಯಿಯ ಉದ್ದಕ್ಕೂ ಎರಡು ಬಣ್ಣದ ನಡುವೆ ಅಲೆಯಂಥ ಗೆರೆ ಕಾಣಬೇಕು.

ಹರಿತ_77
ಮೂರನೆಯದರ ಅಲಗು ಜೋಲುತ್ತದೆ, ಹಿಡಿ ಬಗ್ಗಿಸಿದರೆ ತಾನೇ ತೆರೆದುಕೊಳ್ಳುತ್ತದೆ ಎಂದಿದ್ದಾರೆ.

ಮಿಕಿಯಮೋಹ
ಅದು ದೊಡ್ಡ ದೋಷವಲ್ಲ. ರಿವೆಟ್ಟಿನ ಒಂದು ತಲೆಯನ್ನು ಗಟ್ಟಿ ಉಕ್ಕಿನ ಮೇಲೆ ಇಟ್ಟು, ಇನ್ನೊಂದು ತಲೆಗೆ 100 ಗ್ರಾಂ ಸುತ್ತಿಗೆಯ ಗುಂಡು ಬದಿಯಿಂದ ಮೆಲ್ಲಗೆ ತಟ್ಟಬೇಕು. ನಡುಮಧ್ಯಕ್ಕಲ್ಲ, ತಲೆಯ ಅಂಚಿನ ಸುತ್ತ. ಎರಡು ಮೂರು ತಟ್ಟು, ತೆರೆದು ನೋಡು, ಮತ್ತೆ ಎರಡು. ಎಲ್ಲ ಬಲವನ್ನೂ ಒಂದೇ ಏಟಿಗೆ ಹಾಕಿದರೆ ಹಿತ್ತಾಳೆ ತಗಡು ಒಳಕ್ಕೆ ಬಾಗಿ ಅಲಗು ಕಚ್ಚಿಕೊಳ್ಳುತ್ತದೆ. ಹಾಗಾದರೆ ಅಲಗು ಅರ್ಧ ತೆರೆದು, ಕೀಲಿನ ಪಕ್ಕ 0.1 ಮಿಲಿಮೀಟರ್ ಹಿತ್ತಾಳೆ ಹಾಳೆ ತೂರಿಸಿ, ಎಣ್ಣೆ ಬಿಟ್ಟು ಆಡಿಸುತ್ತ ಸಡಿಲ ಮಾಡಬಹುದು.

ಸ್ಪ್ರಿಂಗ್ ಇರುವ ಚಾಕುವಿಗೆ ಈ ಉಪಾಯ ಹೂಡಬೇಡಿ. ಮೂಳೆಯ ಹಿಡಿ ಬಿರಿಯುತ್ತದೆ, ಬೋಲ್ಸ್ಟರ್ ಮೇಲೆ ಸಾಣೆಗಾರ ಹೇಳಿದ ಉಂಗುರ ಬೀಳುತ್ತದೆ.

ಮಸೆಯುವುದಾದರೆ ಅಲಗಿನ ಅಗಲವಾದ ಇಳಿಜಾರನ್ನು ಪೂರ್ತಿ ಕಲ್ಲಿಗೆ ಕೂರಿಸಿ ಮಸೆಯಿರಿ, 1000 ಗ್ರಿಟ್‌ನ ಕಲ್ಲು, ಆಮೇಲೆ ಇನ್ನೂ ನಯವಾದ 4000 ಅಥವಾ 6000. ಬಾಯಿಗೆ ಬೇರೆ ಕೋನ ಕೊಡಬೇಡಿ. ಅಡುಗೆಮನೆಯ ಎಳೆದು ಚೂಪು ಮಾಡುವ ಡಬ್ಬಿ ಈ ತೆಳು ಬಾಯಿಯನ್ನು ಹರಿದುಹಾಕುತ್ತದೆ. ಬಳಸದೆ ಕೂಡಿಡುವ ಹಳೆಯದಾದರೆ ಮಸೆಯಲೇ ಬೇಡಿ.

ಹುಣಸೆಕಾಯಿ
ಹಿತ್ತಾಳೆ ಹಿಡಿಯನ್ನು ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಹೊಸದರಂತಾಗುತ್ತದಲ್ಲ?

ಲೋಹಮಾಪಕಿ
ದೇವರ ದೀಪಕ್ಕೆ ಸರಿ, ಇದಕ್ಕೆ ಬೇಡ. ಹುಳಿಯೂ ಉಪ್ಪೂ ಕೀಲಿನೊಳಗೆ ಇಳಿದರೆ ತೊಳೆದರೂ ಹೋಗವು, ಒಳಗಿನಿಂದ ಉಕ್ಕು ತುಕ್ಕು ಹಿಡಿಯುತ್ತದೆ. ಅದೂ ಅಲ್ಲದೆ ಕೈ ತಾಗುವ ಅಂಚು ಬೆಳ್ಳಗೆ, ಮೂಲೆ ಕಪ್ಪಗೆ ಇರುವ ಆ ಹಳೆಯ ಬಣ್ಣವೇ ವಯಸ್ಸಿನ ಸಾಕ್ಷಿ. ತಿಕ್ಕಿದರೆ ಸಾಕ್ಷಿ ಹೋಯಿತು. ಅಮೋನಿಯ ಇರುವ ಹಿತ್ತಾಳೆ ಪಾಲಿಶ್ ಇನ್ನೂ ಕೆಟ್ಟದ್ದು, ಬಿಗಿದು ಬಾಗಿಸಿದ ಹಿತ್ತಾಳೆಯಲ್ಲಿ ಕೂದಲು ಬಿರುಕು ತರುತ್ತದೆ.

ತೆಗೆಯಬೇಕಾದದ್ದು ಎರಡೇ: ಕೆಂಪು ತುಕ್ಕು, ಹಸಿರು ಕಿಲುಬು. ಕಿಲುಬನ್ನು ಮರದ ಕಡ್ಡಿಯಿಂದ ಕೆರೆದು ಎಣ್ಣೆ ಬಟ್ಟೆಯಿಂದ ಒರೆಸಿ. ಕೆಂಪು ತುಕ್ಕಿಗೆ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು, ತಾಮ್ರದ ಹಳೆಯ ನಾಣ್ಯದ ಅಂಚಿನಿಂದ ಮೆಲ್ಲಗೆ ಉಜ್ಜಿ. ತಾಮ್ರ ಉಕ್ಕಿಗಿಂತ ಮೆತ್ತಗೆ, ಗೀರು ಬೀಳದು. ನಾಲ್ಕು ಸೊನ್ನೆಯ (0000, ಅತಿ ನಯವಾದ ದರ್ಜೆ) ಉಕ್ಕಿನ ಉಣ್ಣೆ ಕೊನೆಯ ಉಪಾಯ, ಮುದ್ರೆಯ ಹತ್ತಿರ ಅದೂ ಬೇಡ. ಕಬ್ಬಿಣದ ಅಲಗಿನ ಬೂದುಗಪ್ಪು ಬಣ್ಣ ತುಕ್ಕಲ್ಲ, ಬಿಟ್ಟುಬಿಡಿ.

ಪಡುವಣಮಳೆ
ಇಡುವ ಬಗೆಯನ್ನೂ ಕೇಳಿಕೊಳ್ಳಿ, ಅದರಲ್ಲೂ ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಪಾಟಿನೊಳಗೇ ಬೂಷ್ಟು ಬರುವ ಹವೆಯಲ್ಲಿ ತುಕ್ಕು ಹಿಡಿಯದ ಎಂಬ ಉಕ್ಕೂ ಚುಕ್ಕೆ ಕಟ್ಟುತ್ತದೆ.

ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡಿದ ಆಮ್ಲ, ಕೊಬ್ಬು ಹಿತ್ತಾಳೆಗೆ ಕಿಲುಬು ತರುತ್ತವೆ. ಚೀಲವೂ ಸಂಗ್ರಹದ ಭಾಗವಾದರೆ ಪಕ್ಕದಲ್ಲಿ ಬೇರೆ ಇಡಿ. ಗಾಳಿಯಾಡದ ಮುಚ್ಚಳದ 10 ಲೀಟರ್ ಡಬ್ಬಿಗೆ ಸುಮಾರು 100 ಗ್ರಾಂ ಬಣ್ಣ ಬದಲಿಸುವ ಸಿಲಿಕಾ ಜೆಲ್ ಸಾಕು. ಬಣ್ಣ ತಿರುಗಿದಾಗ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ, ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುವುದರಿಂದ ಅಡುಗೆಯ ಓವನ್‌ನಲ್ಲಿ ಬೇಡ. ಮೂಳೆ, ಮುತ್ತಿನ ಚಿಪ್ಪಿನ ಹಿಡಿಗಳಿದ್ದರೆ ಒಂದು ಅಗ್ಗದ ತೇವಮಾಪಕವನ್ನೂ ಡಬ್ಬಿಯಲ್ಲಿಟ್ಟು ಶೇ 45–50ರಲ್ಲಿ ನಿಲ್ಲಿಸಿ. ತೀರಾ ಒಣಗಿದರೆ ಅವು ಪಿನ್ನಿನ ಬಳಿ ಸೀಳುತ್ತವೆ.

ಎಣ್ಣೆಗೆ ಹೊಲಿಗೆ ಯಂತ್ರದ ಎಣ್ಣೆ ಚೆನ್ನ, ಕೀಲಿಗೆ ಒಂದೇ ಹನಿ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಬೇಡವೇ ಬೇಡ, ವರ್ಷದೊಳಗೆ ಅಂಟಾಗಿ ಅಲಗು ತೆರೆಯದ ಹಾಗಾಗುತ್ತದೆ.

ಇನ್ನು ಸೆಲ್ಯುಲಾಯ್ಡ್ ಹಿಡಿ. ಹೆಬ್ಬೆರಳಿನಿಂದ ಬಿಸಿಯಾಗುವ ಹಾಗೆ ಉಜ್ಜಿ ಮೂಸಿದರೆ ಕರ್ಪೂರದ ವಾಸನೆ ಬಂದರೆ ಅದೇ. ಹಳತಾದಂತೆ ಅದು ಆಮ್ಲದ ಹಬೆ ಬಿಡುತ್ತದೆ, ಒಂದೇ ಡಬ್ಬಿಯಲ್ಲಿರುವ ಬೇರೆ ಚಾಕುಗಳ ಅಲಗನ್ನೂ ತಿನ್ನುತ್ತದೆ. ಅದನ್ನು ಮುಚ್ಚಿದ ಡಬ್ಬಿಯಲ್ಲಿಡದೆ, ಗಾಳಿಯಾಡುವ ಕಡೆ, ಬಿಸಿಲು ಬೆಂಕಿಯಿಂದ ದೂರ, ಒಂಟಿಯಾಗಿಡಿ.

ಕಬ್ಬಿಣದಕಡಲೆ
ಕಾನೂನಿನ ಮಾತು ಚಿಕ್ಕದಾಗಿ. ನಮ್ಮ 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳು, ಮನೆಗೆಲಸ, ಬೇಸಾಯದಂಥವಕ್ಕೆ ಮಾಡಿದವನ್ನು ಬಿಟ್ಟು. ಜೇಬಿನ ಚಾಕು ಈ ಅಳತೆಯ ಒಳಗಿದ್ದರೂ ನಿಮ್ಮ ಊರಿನ ಪೊಲೀಸ್ ಆದೇಶ ಬೇರೆ ಇರಬಹುದು, ಗುಂಡಿ ಒತ್ತಿದರೆ ಚಿಮ್ಮುವಂಥದ್ದರ ಗೋಜಿಗೆ ಹೋಗಬೇಡಿ.

ಚಾಕು ಉತ್ಸವಕ್ಕೆಂದು ಸೆಕಿಗೆ ಹೋಗುವವರು ಗಮನಿಸಿ, ಜಪಾನಿನಲ್ಲಿ ತಕ್ಕ ಕಾರಣವಿಲ್ಲದೆ 6 ಸೆಂಟಿಮೀಟರ್ ಮೀರಿದ ಅಲಗನ್ನು ಜೇಬಿನಲ್ಲಿಟ್ಟು ತಿರುಗುವುದು ಅಪರಾಧ. ಕೊಂಡದ್ದನ್ನು ಅಂಗಡಿಯವರು ಕಟ್ಟಿಕೊಟ್ಟ ಹಾಗೆಯೇ ಪೆಟ್ಟಿಗೆಯಲ್ಲಿ ಇಟ್ಟು, ಬಿಲ್ ಜೊತೆಗೆ, ವಿಮಾನದಲ್ಲಿ ಲಗೇಜಿಗೆ ಹಾಕಿ.

ಹರಿತ_77
ಹೊಸ ಫೋಟೊಗಳು ಬಂದವು. ಪಾರ್ಕರ್: ಮುಚ್ಚಿದಾಗ ಸ್ಪ್ರಿಂಗ್ ಸಮ, ದೊಡ್ಡ ಅಲಗು ತೆರೆದಾಗ ಉಗುರಿನಷ್ಟು ಉಬ್ಬು. ಹಿಡಿಯಲ್ಲಿ ಚುಕ್ಕೆ ಗೀಟುಗಳಿವೆ. ಎರಡನೆಯದು ಪೆಟ್ಟಿಗೆ ಸಮೇತ, ಸಾಣೆ ಕಂಡಿಲ್ಲ. ಮೂರನೆಯದರ ಅಕ್ಷರಗಳಲ್ಲಿ ನಾಗಾವೊ ಇದೆ, ಅಂಚೂ ಮೂಲೆಯೂ ಒಂದೇ ಕಪ್ಪು.

ಮಿಕಿಯಮೋಹ
ಅಂಚೂ ಮೂಲೆಯೂ ಒಂದೇ ಕಪ್ಪಾದರೆ ರಾಸಾಯನಿಕ ಹಚ್ಚಿ ಕಪ್ಪಾಗಿಸಿದ ಈಚಿನ ಚಾಕು. ಹೊಸದರ ಬೆಲೆಗಿಂತ ಒಂದು ರೂಪಾಯಿ ಹೆಚ್ಚು ಲೆಕ್ಕ ಹಾಕಬೇಡಿ.

ಸಾಣೆಗಾರ
ಪಾರ್ಕರ್ ಮೂಳೆಯದ್ದೇ, ಆದರೆ ಸಾಧಾರಣ ಜೋಡಣೆ. ಲಾಟ್‌ನ ಬೆಲೆ ನಿಂತಿರುವುದು ಪೆಟ್ಟಿಗೆ ಸಮೇತ ಇರುವ ಎರಡನೆಯದರ ಮೇಲೆ. ಅದೊಂದಕ್ಕೇ ಎಷ್ಟು ಕೊಡುತ್ತೀರೋ ಅಷ್ಟಕ್ಕೆ ಮೂರನ್ನೂ ಕೂಗಿ. ಪೆಟ್ಟಿಗೆಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯೂ ಅಲಗಿನ ಮೇಲಿನದೂ ಒಂದೇ ಇದೆಯೇ ಎಂದು ಮೊದಲು ನೋಡಿ. ಬೇರೆ ಚಾಕುವಿನ ಪೆಟ್ಟಿಗೆ ಸೇರಿಸಿ ಮಾರುವುದು ಮಾಮೂಲು.

ಹರಿತ_77
ಚೀಟಿ ಹರಿದಿದೆ, ಕೊನೆಯ ಎರಡು ಅಂಕಿ ಮಾತ್ರ ಉಳಿದಿವೆ. ಅವು ಹೊಂದುತ್ತವೆ.

ಸಾಣೆಗಾರ
ಹಾಗಾದರೆ ಪೆಟ್ಟಿಗೆಗೆ ಅರ್ಧ ಬೆಲೆ ಕಟ್ಟಿ.